ಸ್ಪೋರ್ಟರ್ ಆದ ಹಳೆಯ ಲೀ-ಎನ್‌ಫೀಲ್ಡ್: ಅರ ಹಿಡಿಯುವ ಮುನ್ನ

ನನ್ನ ಕೆಲಸದ ಮೇಜಿನ ಮೇಲೆ ಈಗ ಒಂದು .303 ಬೋರಿನ (ಬೋರ್ ಅಂದರೆ ನಳಿಗೆಯ ತೂತಿನ ಅಳತೆ, ಇಲ್ಲಿ ಇಂಚಿನಲ್ಲಿ) ಲೀ-ಎನ್‌ಫೀಲ್ಡ್ ಇದೆ, ಬ್ರಿಟಿಷ್ ಸೈನ್ಯದ ಹಳೆಯ ಮಾದರಿಯ ಕೋವಿ. ಎಡಪಕ್ಕದಲ್ಲಿ ‘ಲಾಂಗ್ ಬ್ರಾಂಚ್ 1943’ ಎಂಬ ಅಚ್ಚು. ಮುಂದಿನ ಮರವನ್ನು ಯಾರೋ ಅರ್ಧಕ್ಕೆ ಕೊಯ್ದು, ತುದಿಯನ್ನು ದೋಣಿಯ ಮೂತಿಯ ಹಾಗೆ ದುಂಡಗೆ ಉಜ್ಜಿದ್ದಾರೆ. ನಳಿಗೆಯ ಮೇಲೆ ಮುಚ್ಚಿಗೆಯ ಮರ ಇಲ್ಲ. ಬಟ್‌ನ, ಅಂದರೆ ಹೆಗಲಿಗೆ ಆನಿಸುವ ಹಿಂದಿನ ಮರದ, ಎಡಗಡೆ ಚಾಕುವಿನಿಂದ ಕೊರೆದ ಹನ್ನೊಂದು ಗೆರೆಗಳಿವೆ. ಹತ್ತು ಒಂದೇ ಉದ್ದ, ಕೊನೆಯದು ಸ್ವಲ್ಪ ಗಿಡ್ಡ. ಕಳೆದ ವಾರ ಇದನ್ನು ತಂದ ಹುಡುಗ ನಮ್ಮ ವಿರಾಜಪೇಟೆ ಕಡೆಯವನು, ಇಲ್ಲಿ ಕೆನಡಾದ ಒಂಟಾರಿಯೊದಲ್ಲಿ ಈಗಷ್ಟೇ ಲೈಸೆನ್ಸ್ ಪಡೆದಿದ್ದಾನೆ. ‘ಅಂಕಲ್, ಇದಕ್ಕೆ ಮರ, ಕ್ಲಿಪ್ಪು ಎಲ್ಲ ತರಿಸಿದೀನಿ, ಮೊದಲಿನ ಮಿಲಿಟರಿ ರೂಪಕ್ಕೆ ತಂದುಬಿಡೋಣ’ ಅಂದ. ತರೋಣ, ಆದರೆ ಮೊದಲು ಓದೋಣ ಅಂದೆ. ಹೇಗೆ ಓದುವುದು, ಆಮೇಲೆ ಏನು ಮಾಡಬಹುದು, ಏನು ಮಾಡಬಾರದು ಎಂದು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸೈನ್ಯದ ಕೋವಿಯನ್ನು ಬೇಟೆಗೆ ತಕ್ಕಂತೆ ಹಗುರ ಮಾಡಿದರೆ ಅದಕ್ಕೆ ಸ್ಪೋರ್ಟರ್ ಅನ್ನುತ್ತಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಲಕ್ಷಗಟ್ಟಲೆ ಲೀ-ಎನ್‌ಫೀಲ್ಡ್‌ಗಳು ಅಗ್ಗದ ಬೆಲೆಗೆ ಹೊರಬಂದವು. ಲಾಂಗ್ ಬ್ರಾಂಚ್ ಕಾರ್ಖಾನೆಯೊಂದೇ, ಟೊರಾಂಟೊ ಪಕ್ಕದಲ್ಲಿ, ಸುಮಾರು 9 ಲಕ್ಷ ಕೋವಿ ಮಾಡಿತ್ತು. ಅಲ್ಲಿ ದುಡಿದವರಲ್ಲಿ ಹೆಂಗಸರು ಬಹಳ ಮಂದಿ. ಕೋವಿ ಪರೀಕ್ಷಿಸುತ್ತಿದ್ದ ಕಟ್ಟಡ ಇಂದಿಗೂ ಮಿಸ್ಸಿಸಾಗಾದ ಲೇಕ್‌ಶೋರ್ ರಸ್ತೆಯಲ್ಲಿ ನಿಂತಿದೆ. ಹೊಸ ಬೇಟೆ ಕೋವಿ ಕೊಳ್ಳಲಾಗದ ರೈತ, ಮರ ಕಡಿಯುವವನು ಇಂಥದ್ದನ್ನು ತಂದು, ಕೊಟ್ಟಿಗೆಯಲ್ಲಿ ಕೂತು ಗರಗಸ ಹಿಡಿದ. ಮನೆಮಂದಿಗೆ ಚಳಿಗಾಲದ ಮಾಂಸ ತಂದುಕೊಟ್ಟದ್ದು ಆ ಕೋವಿಯೇ. ಬರ್ಮಿಂಗ್‌ಹ್ಯಾಮ್‌ನ ಪಾರ್ಕರ್-ಹೇಲ್‌ನಂಥ ಕಂಪನಿಗಳು ಇದೇ ಕೆಲಸವನ್ನು ನಯವಾಗಿ ಮಾಡಿ ಮಾರಿದವು. ಸಂಗ್ರಹಕಾರರು ಇವತ್ತು ‘ಹಾಳು ಮಾಡಿದ ಕೋವಿ’ ಎಂದು ಮೂಗು ಮುರಿಯುವುದನ್ನು ಕೇಳಿದಾಗ ನನಗೆ ಬೇಸರವಾಗುತ್ತದೆ. ಆ ದಿನ ಅದು ಅಪರೂಪದ ವಸ್ತುವಾಗಿರಲಿಲ್ಲ, ಒಂದು ಹತ್ಯಾರವಾಗಿತ್ತು.

ನಾನು ಹುಟ್ಟಿದ್ದು ಕೊಡಗಿನಲ್ಲಿ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ನೆಲ್ಲಕ್ಕಿ ಬಾಡೆಯಲ್ಲಿ (ಮನೆಯ ನಡುಕೋಣೆ) ದೀಪದ ಎದುರು ಕೋವಿ ಇಟ್ಟು, ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ. ಮಧ್ಯಾಹ್ನ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಈಡು. ನಮ್ಮ ಮನೆಯಲ್ಲಿದ್ದದ್ದು ಒಂದು ಕೇಪಿನ ಕೋವಿ, ಒಂದು ಜೋಡಿ ನಳಿಗೆಯ ತೋಟೆ ಕೋವಿ. .303 ಮಾತ್ರ ಯಾರ ಮನೆಯಲ್ಲೂ ಇರಲಿಲ್ಲ. ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿಯವರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದ್ದರೂ, ಸೈನ್ಯದ ಬೋರ್ ಇಂಡಿಯಾದಲ್ಲಿ ಜನಸಾಮಾನ್ಯರಿಗೆ ನಿಷೇಧ. ಅದಕ್ಕೇ ಬಂಗಾಳದ ಇಶಾಪುರ ಕಾರ್ಖಾನೆ ಲೀ-ಎನ್‌ಫೀಲ್ಡ್‌ನ ಅದೇ ಬೋಲ್ಟ್ (ನಳಿಗೆಯ ಹಿಂಬಾಯಿ ಮುಚ್ಚುವ ಜಾರುಗೂಟ) ಏರ್ಪಾಟಿಗೆ .315 ನಳಿಗೆ ಕೂರಿಸಿ ಬೇಟೆ ಕೋವಿ ಮಾಡಿತು. ಸೈನ್ಯದ ಗುಂಡು ಅದರಲ್ಲಿ ಕೂರುವುದಿಲ್ಲ. ಒಂದು ರೀತಿಯಲ್ಲಿ ಅದು ನಮ್ಮ ದೇಶದ ಸ್ಪೋರ್ಟರ್. ಹಾಗಾಗಿ ಊರಿನಲ್ಲಿರುವವರು ಇದನ್ನು ಓದಿ .303 ಹುಡುಕಲು ಹೋಗಬೇಡಿ. ಇದು ಕೆನಡಾದ ಕಾನೂನಿನೊಳಗೆ, ಸುರಕ್ಷತಾ ತರಗತಿ ಮುಗಿಸಿ ಪಿ.ಎ.ಎಲ್. ಎಂಬ ಅಲ್ಲಿನ ಕೋವಿ ಲೈಸೆನ್ಸ್ ಪಡೆದವರಿಗಾಗಿ ಬರೆದದ್ದು.

ಈಗ ಕೋವಿಯ ಮಾತು. ಕೈಗೆ ಬಂದ ಕೂಡಲೇ ಮ್ಯಾಗಜಿನ್ ಕಳಚಿ, ಬೋಲ್ಟ್ ತೆರೆದು, ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿ ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಜಾಗ) ಖಾಲಿ ಇದೆಯೇ ಎಂದು ತಿಳಿದುಕೊಳ್ಳಿ. ಕೊಟ್ಟವರು ‘ಖಾಲಿ ಇದೆ’ ಅಂದರೂ ಸರಿಯೇ. ಆಮೇಲೆ ದೀಪ ಹತ್ತಿರ ತಂದು ಅಚ್ಚುಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಬಿಚ್ಚುವುದು, ಒರೆಸುವುದು ಎಲ್ಲ ಇದಾದ ನಂತರ. ಲೀ-ಎನ್‌ಫೀಲ್ಡ್‌ನ ಮಾದರಿಗಳಿಗೆ ನಂ.1, ನಂ.4, ನಂ.5 ಎಂದು ಹೆಸರು. ನಂ.4 ಕೋವಿಯಲ್ಲಿ ಸೀರಿಯಲ್ ನಂಬರಿನ ನಡುವೆ ‘ಎಲ್’ ಇದ್ದರೆ ಲಾಂಗ್ ಬ್ರಾಂಚ್, ‘ಸಿ’ ಇದ್ದರೆ ಅಮೆರಿಕದ ಚಿಕೋಪಿ ಫಾಲ್ಸ್‌ನಲ್ಲಿ ಸ್ಯಾವೇಜ್ ಮಾಡಿದ್ದು. ಸ್ಯಾವೇಜ್ ಕೋವಿಯ ಮೇಲೆ ‘ಯು.ಎಸ್. ಪ್ರಾಪರ್ಟಿ’ ಎಂದೂ ಇರುತ್ತದೆ. ಇಂಗ್ಲೆಂಡಿನಲ್ಲಿ ಮಾಲ್ಟ್‌ಬಿ, ಫಜಾಕರ್ಲಿ, ಶರ್ಲಿ ಎಂಬ ಮೂರು ಕಡೆ ಮಾಡಿದರು. ಇದಕ್ಕಿಂತ ಹಳೆಯ ನಂ.1 ಮಾರ್ಕ್ 3 ನಿಮ್ಮ ಕೈಗೆ ಬಂದರೆ ಆಸ್ಟ್ರೇಲಿಯಾದ ಲಿತ್ಗೋ ಅಥವಾ ನಮ್ಮ ಇಶಾಪುರದ್ದೂ ಆಗಿರಬಹುದು. ಇಶಾಪುರದ ಎಷ್ಟೋ ಕೋವಿಗಳಿಗೆ ಮುಂದಿನ ಮರ ಸೀಳದಂತೆ ಅಡ್ಡಕ್ಕೆ ಒಂದು ಸ್ಕ್ರೂ ಹಾಕಿರುತ್ತಾರೆ, ಅದರಿಂದಲೇ ಗುರುತು ಹಿಡಿಯಬಹುದು.

ಓದುವುದು ಏಕೆ ಮುಖ್ಯ ಅಂದರೆ, ಕೊಯ್ದ ಹಾಗೆ ಕಾಣುವ ಎಲ್ಲ ಕೋವಿಯೂ ಕೊಟ್ಟಿಗೆಯಲ್ಲಿ ಕೊಯ್ದದ್ದಲ್ಲ. ಪಕ್ಕದಲ್ಲಿ ‘ಇ.ಎ.ಎಲ್.’ ಎಂಬ ಅಚ್ಚು ಕಂಡರೆ ಕೈ ಹಿಂದಕ್ಕೆ ತೆಗೆಯಿರಿ. ಅದು ಕಾರ್ಖಾನೆಯಲ್ಲೇ ಹಾಗೆ ಮಾಡಿದ ಕೆನಡಾದ ಕೋವಿ; ಅದಕ್ಕೆ ಮಿಲಿಟರಿ ಮರ ಹಾಕಿದರೆ ಅಸಲನ್ನು ತೆಗೆದು ನಕಲು ಮಾಡಿದ ಹಾಗೆ. ಎಡಗಡೆ ಲೋಹದ ಎರಡು ಪಟ್ಟೆ ಅಥವಾ ಅವು ಕೂತಿದ್ದ ತೂತುಗಳು, ಜೊತೆಗೆ ‘ಟಿ’ ಅಥವಾ ‘ಟಿ.ಆರ್.’ ಅಚ್ಚು ಇದ್ದರೆ ಅದು ಒಂದು ಕಾಲದ ಸ್ನೈಪರ್ ಕೋವಿ ಇರಬಹುದು, ಜಾಣರಿಗೆ ತೋರಿಸದೆ ಒಂದು ಸ್ಕ್ರೂ ಕೂಡ ಸಡಿಲಿಸಬೇಡಿ. ಇನ್ನು ‘ಜಂಗಲ್ ಕಾರ್ಬೈನ್’ (ಗಿಡ್ಡ, ಹಗುರ ನಂ.5 ಮಾದರಿಯ ಅಡ್ಡಹೆಸರು) ಎಂದು ಮಾರುವವರ ವಿಷಯ. ನಿಜವಾದ ನಂ.5 ಅನ್ನು 1944ರಿಂದ 1947ರವರೆಗೆ ಫಜಾಕರ್ಲಿ ಮತ್ತು ಶರ್ಲಿಯಲ್ಲಷ್ಟೇ ಮಾಡಿದರು. ಹಗುರವಾಗಲಿ ಎಂದು ಚೇಂಬರಿನ ಬುಡದಲ್ಲಿ, ಮೈಯ ಮೇಲೆ ಲೋಹ ಕೆತ್ತಿ ತೆಗೆದಿರುತ್ತಾರೆ, ಬೋಲ್ಟ್ ಗುಂಡಿಯೊಳಗೆ ಟೊಳ್ಳು ಇರುತ್ತದೆ. ಸಾದಾ ನಂ.4ರ ನಳಿಗೆ ಕೊಯ್ದು ಮೂತಿಗೆ ಶಂಕುವಿನಂಥ ಕೊಳವೆ ಸಿಕ್ಕಿಸಿದ್ದಕ್ಕೆ ಇವು ಯಾವುವೂ ಇರುವುದಿಲ್ಲ.

ಹುಡುಗನ ಕೋವಿಯಲ್ಲಿ ಅಂಥ ಯಾವ ಗುರುತೂ ಇರಲಿಲ್ಲ. ನಂ.4 ಮಾರ್ಕ್ 1*, ಅಪ್ಪಟ ಕೊಟ್ಟಿಗೆಯ ಕೆಲಸ.

ಮುಂದೆ ನಳಿಗೆಯ ಉದ್ದ ಅಳೆಯಿರಿ. ಬೋಲ್ಟ್ ಮುಚ್ಚಿ, ಮೂತಿಯಿಂದ ಒಂದು ಮರದ ಕಡ್ಡಿ ಇಳಿಸಿ, ಬೋಲ್ಟ್‌ಗೆ ತಾಗಿದ ಮೇಲೆ ಮೂತಿಯ ಮಟ್ಟಕ್ಕೆ ಗೆರೆ ಎಳೆದು ಹೊರತೆಗೆದು ಅಳೆದರೆ ಆಯಿತು. ಸುಮಾರು 25.2 ಇಂಚು ಇದ್ದರೆ ನಳಿಗೆ ಪೂರ್ತಿ ಇದೆ. ಮಿಲಿಟರಿ ರೂಪಕ್ಕೆ ತರುವ ಯೋಚನೆಯೆಲ್ಲ ನಿಂತಿರುವುದು ಈ ಒಂದು ಅಳತೆಯ ಮೇಲೆ. ನಳಿಗೆ ಕೊಯ್ದಿದ್ದರೆ ಮುಂದಿನ ಗುರಿಮೊಳೆ ಕೂರುವ ಜಾಗವೇ ಹೋಗಿರುತ್ತದೆ. ಅಂಥದ್ದನ್ನು ಒಳ್ಳೆಯ ಸ್ಪೋರ್ಟರ್ ಆಗಿಯೇ ಉಳಿಸಿಕೊಳ್ಳಿ. ಹುಡುಗನದು 25 ಇಂಚಿನ ಮೇಲೊಂದು ಕೂದಲು, ಅವನ ಮುಖ ಅರಳಿತು. ನಳಿಗೆಯೊಳಗೆ ಬೆಳಕು ಬಿಟ್ಟು ನೋಡುವಾಗ ಎರಡು ಗಾಡಿ (ಗುಂಡನ್ನು ತಿರುಗಿಸಲು ಸುರುಳಿಯಾಗಿ ಕೊರೆದ ತೋಡು) ಕಂಡರೂ ಹೆದರಬೇಡಿ. ಮಾಮೂಲು ಐದು, ಯುದ್ಧಕಾಲದಲ್ಲಿ ಕೆಲಸ ಬೇಗ ಆಗಲಿ ಎಂದು ಎರಡೇ ಗಾಡಿ ಕೊರೆದರು, ಅದೂ ಚೆನ್ನಾಗಿಯೇ ಹೊಡೆಯುತ್ತದೆ. ಮೂತಿಯ ಅಂಚನ್ನು ಮಾತ್ರ ಭೂತಗನ್ನಡಿಯಲ್ಲಿ ನೋಡಿ. ಸಿಪಾಯಿಗಳು ಬಟ್ಟೆ ಕಟ್ಟಿದ ಹಗ್ಗ ಎಳೆದು ಒಳಗೆ ಒರೆಸುತ್ತಿದ್ದರು. ಅಡ್ಡಾದಿಡ್ಡಿ ಎಳೆದವನ ಹಗ್ಗ ವರ್ಷಗಟ್ಟಲೆ ಉಜ್ಜಿ ಮೂತಿಯನ್ನು ಒಂದು ಬದಿಗೆ ಸವೆಸಿರುತ್ತದೆ. ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗದ ಗಾಡಿ ಬೀಳುವುದಿಲ್ಲವೇ, ಹಾಗೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಬೋಲ್ಟ್‌ಗೆ. ಇಲ್ಲಿ ನನ್ನ ಅನುಭವ ಒಂದನ್ನು ಹೇಳಲೇಬೇಕು. ಮೊದಲ ಸ್ಪೋರ್ಟರ್ ಕೊಂಡಾಗ ಅಂಗಡಿಯವರು ‘ಪರೀಕ್ಷೆ ಮಾಡಿದೆ’ ಅಂದದ್ದನ್ನು ನಂಬಿದೆ. ಮೂರನೇ ಈಡಿಗೆ ಬೋಲ್ಟ್ ಎಳೆದರೆ ತೋಟೆಯ ಬುಡ ಮಾತ್ರ ಬಂತು, ಉಳಿದ ಹಿತ್ತಾಳೆ ಕೊಳವೆ ಚೇಂಬರಿನಲ್ಲೇ ಸಿಕ್ಕಿಕೊಂಡಿತು. ಕೆನ್ನೆಗೆ ಬಿಸಿ ಗಾಳಿ ಬಡಿಯಿತು. ಕನ್ನಡಕ ಇದ್ದದ್ದಕ್ಕೆ ಕಣ್ಣು ಉಳಿಯಿತು. ಮನೆಗೆ ಬಂದು ನೋಡಿದರೆ ಬೋಲ್ಟ್ ಹಿಡಿಯ ಬುಡದಲ್ಲಿದ್ದ ನಂಬರ್ ಒಂದು, ಕೋವಿಯ ಮೈಮೇಲಿನ ನಂಬರ್ ಇನ್ನೊಂದು. ಬೇರೆ ಯಾವುದೋ ಕೋವಿಯ ಬೋಲ್ಟ್ ತಂದು ಸಿಕ್ಕಿಸಿದ್ದರು. ಅಂದಿನಿಂದ ಯಾರ ಬಾಯಿಮಾತಿನ ಮೇಲೂ ನಾನು ಈಡು ಹೊಡೆದಿಲ್ಲ.

ಹಾಗೇಕೆ ಆಗುತ್ತದೆ? .303 ತೋಟೆಗೆ ಬುಡದಲ್ಲಿ ಅಂಚು ಇದೆ. ಆ ಅಂಚು ನಳಿಗೆಯ ಹಿಂಭಾಗಕ್ಕೂ ಬೋಲ್ಟ್‌ನ ಮುಖಕ್ಕೂ ನಡುವೆ ಕೂರುತ್ತದೆ. ಆ ಸಂದಿಗೆ ಹೆಡ್‌ಸ್ಪೇಸ್ ಅನ್ನುತ್ತಾರೆ. ಸಂದಿ ಹೆಚ್ಚಾದರೆ ಸಿಡಿದ ಕ್ಷಣ ತೋಟೆಯ ಮುಂಭಾಗ ಚೇಂಬರಿನ ಗೋಡೆಗೆ ಅಂಟಿಕೊಳ್ಳುತ್ತದೆ, ಬುಡ ಹಿಂದಕ್ಕೆ ಸರಿಯುತ್ತದೆ, ನಡುವೆ ಹಿತ್ತಾಳೆ ಎಳೆದುಕೊಂಡು ತೆಳ್ಳಗಾಗುತ್ತದೆ. ಅಳೆಯಲು ಗೇಜ್‌ಗಳಿವೆ, ತೋಟೆಯ ಜಾಗದಲ್ಲಿ ಇಡುವ ನಿಖರ ದಪ್ಪದ ಉಕ್ಕಿನ ತುಂಡುಗಳು: 0.064 ಇಂಚಿನದರ ಮೇಲೆ ಬೋಲ್ಟ್ ಮುಚ್ಚಬೇಕು, 0.074ರ ಮೇಲೆ ಮುಚ್ಚಬಾರದು. ಬೆರಳ ತುದಿಯ ಬಲ ಸಾಕು, ಒತ್ತಿ ಮುಚ್ಚಿದರೆ ಗೇಜ್ ಸುಳ್ಳು ಹೇಳುತ್ತದೆ. ನಂ.4ರಲ್ಲಿ ಒಂದು ಅನುಕೂಲವಿದೆ: ಬೋಲ್ಟ್‌ನ ತಲೆ ತಿರುಪಿ ಕಳಚುತ್ತದೆ, ಅದರ ಮೇಲೆ 0, 1, 2, 3 ಎಂದು ಅಂಕಿ. ಅಂಕಿ ದೊಡ್ಡದಾದಷ್ಟೂ ತಲೆ ಉದ್ದ. ಸಂದಿ ಹೆಚ್ಚಿದ್ದರೆ ಮುಂದಿನ ಅಂಕಿಯ ತಲೆ ಹಾಕಿ ಮತ್ತೆ ಅಳೆಯಬಹುದು.

ಗೇಜ್ ಒಂದನ್ನೇ ನೆಚ್ಚಬೇಡಿ. ಹಿಂದೆ ಬೆಂಗಳೂರಿನ ಎಚ್.ಎಂ.ಟಿ.ಯಲ್ಲಿ ಫಿಟ್ಟರ್ ಆಗಿದ್ದಾಗ ಎರಡು ಮುಖ ಸರಿಯಾಗಿ ತಾಗುತ್ತಿವೆಯೇ ಎಂದು ನೋಡಲು ಬ್ಲೂ ಎಂಬ ನೀಲಿ ಬಣ್ಣದ ಲೇಪ ಹಚ್ಚುತ್ತಿದ್ದೆವು. ಅದನ್ನೇ ಇಲ್ಲೂ ಮಾಡುತ್ತೇನೆ. ಬೋಲ್ಟ್‌ನ ಎರಡು ಲಗ್‌ಗಳ (ಮುಚ್ಚಿದಾಗ ಕೋವಿಯ ಮೈಗೆ ಕಚ್ಚಿ ಹಿಡಿಯುವ ಕಿವಿಗಳು) ಹಿಂಬದಿಗೆ ತೆಳ್ಳಗೆ ಬ್ಲೂ ಸವರಿ, ಮುಚ್ಚಿ ತೆರೆಯಿರಿ. ಎರಡರ ಮೇಲೂ ಬಣ್ಣ ಒರೆಸಿಹೋಗಿದ್ದರೆ ಎರಡೂ ಭಾರ ಹೊರುತ್ತಿವೆ. ಒಂದರ ಮೇಲೆ ಬಣ್ಣ ಹಾಗೇ ಉಳಿದರೆ ಆ ಬೋಲ್ಟ್ ಆ ಕೋವಿಗೆ ಹುಟ್ಟಿದ್ದಲ್ಲ, ಬಂದೂಕು ರಿಪೇರಿಯವರಲ್ಲಿಗೆ ಒಯ್ಯಿರಿ. ಅರ ಹಿಡಿದು ನೀವೇ ಸರಿಮಾಡಲು ಹೋಗಬೇಡಿ. ಲಗ್‌ಗಳ ಮೇಲೆ ಗಡಸು ಪದರ ತೆಳ್ಳಗೆ ಇರುತ್ತದೆ, ಅರ ಅದನ್ನು ತಿಂದುಬಿಡುತ್ತದೆ. ಮಾರ್ಕ್ 1* ಆದರೆ ಇನ್ನೊಂದು ಜಾಗ ನೋಡಿ. ಬೋಲ್ಟ್ ತಲೆ ಜಾರುವ ಹಳಿಯಲ್ಲಿ, ಮುಂದಿನ ಕಡೆ, ಕಳಚಲೆಂದು ಒಂದು ಕಚ್ಚು ಕೊಯ್ದಿರುತ್ತಾರೆ. ಆ ಕಚ್ಚಿನ ಅಂಚು ಚಕ್ಕೆ ಎದ್ದಿದ್ದರೆ ಬೋಲ್ಟ್ ಜೋರಾಗಿ ಎಳೆದಾಗ ತಲೆ ಹಳಿ ತಪ್ಪುತ್ತದೆ.

ಬಿಚ್ಚುವಾಗ ಒಂದು ನಿಯಮ: ಮೊದಲು ಮುಂದಿನ ಮರ, ಆಮೇಲೆ ಬಟ್. ನಂ.1 ಕೋವಿಯಲ್ಲಿ ಬಟ್ ಬಿಗಿಯುವ ಉದ್ದ ತಿರುಪುಮೊಳೆಯ ಚೌಕ ತುದಿ ಮುಂದಿನ ಮರದ ಹಿಂಭಾಗದೊಳಗೆ ಸಿಕ್ಕಿಕೊಂಡಿರುತ್ತದೆ. ಮರ ತೆಗೆಯದೆ ಅದನ್ನು ತಿರುಗಿಸಿದರೆ ಮರ ಸೀಳಿ ಎರಡಾಗುತ್ತದೆ. ನಂ.4ರಲ್ಲಿ ಆ ತೊಡಕಿಲ್ಲ, ಆದರೂ ಅಭ್ಯಾಸ ಒಂದೇ ಇರಲಿ. ಸ್ಕ್ರೂಡ್ರೈವರ್‌ನ ಬಾಯಿ ಸ್ಕ್ರೂನ ಸೀಳಿಗೆ ಪೂರ್ತಿ ತುಂಬಬೇಕು. ಎಂಬತ್ತು ವರ್ಷ ಕೂತ ಸ್ಕ್ರೂಗೆ ಹಿಂದಿನ ದಿನವೇ ಒಂದು ತೊಟ್ಟು ಎಣ್ಣೆ ಬಿಟ್ಟಿರಿ.

ಈಗ ಮರ. ಹುಡುಗ ತರಿಸಿದ್ದು ಬೀಚ್ ಮರದ ಹಳೆಯ ಮಿಲಿಟರಿ ಮುಂಭಾಗ. ಸಿಕ್ಕಿಸಿ ಸ್ಕ್ರೂ ಹಾಕಿದರೆ ನೋಡಲು ಮಿಲಿಟರಿ ಕೋವಿ ಆಗಿಬಿಡುತ್ತದೆ, ಹೊಡೆದರೆ ಗುರಿ ಅಂಗಳದ ತುಂಬ ಚೆಲ್ಲುತ್ತದೆ. ಲೀ-ಎನ್‌ಫೀಲ್ಡ್‌ನ ಗುರಿ ಇರುವುದೇ ಮರ ಲೋಹಕ್ಕೆ ಕೂರುವ ಪರಿಯಲ್ಲಿ. ಮರದ ಹಿಂತುದಿಯಲ್ಲಿ, ಟ್ರಿಗರ್‌ನ ಮೇಲ್ಗಡೆ, ಎಡಕ್ಕೊಂದು ಬಲಕ್ಕೊಂದು ಸಣ್ಣ ಇಳಿಜಾರು ಮುಖಗಳಿವೆ. ಅವಕ್ಕೆ ಡ್ರಾ ಅನ್ನುತ್ತಾರೆ. ಈಡಿನ ಒದೆತವನ್ನೆಲ್ಲ ತಡೆಯುವುದು ಹೆಬ್ಬೆರಳಿನ ಉಗುರಿನಷ್ಟಿರುವ ಆ ಎರಡು ಮುಖಗಳು. ಹಳೆಯ ಮರದಲ್ಲಿ ಅವು ಎಣ್ಣೆ ಕುಡಿದು ಮೆತ್ತಗಾಗಿರುತ್ತವೆ, ಉಗುರು ಒತ್ತಿದರೆ ಗುರುತು ಬೀಳುತ್ತದೆ. ಮೆತ್ತಗಾದಷ್ಟನ್ನು ಉಳಿಯಿಂದ ಚೊಕ್ಕವಾಗಿ ತೆಗೆದು, ಗಟ್ಟಿ ಮರದ ಚಕ್ಕೆ ಅಂಟಿಸಿ ಒಂದು ದಿನ ಬಿಡುತ್ತೇನೆ. ಚಕ್ಕೆ ಬೇಕೆಂದೇ ಸ್ವಲ್ಪ ದಪ್ಪ ಇರಲಿ. ಆಮೇಲೆ ಎಣ್ಣೆ ದೀಪದ ಮೇಲೆ ಲೋಹ ಹಿಡಿದು ಮಸಿ ಕಟ್ಟಿಸುತ್ತೇನೆ, ಊರಲ್ಲಿ ಅಜ್ಜಿ ಕಾಡಿಗೆ ಹಿಡಿಯುತ್ತಿದ್ದ ಹಾಗೆ. ಮರ ಕೂರಿಸಿ, ಅಂಗೈಯಿಂದ ತಟ್ಟಿ, ತೆಗೆದರೆ ತಾಗಿದ ಕಡೆ ಕಪ್ಪು ಚುಕ್ಕಿ. ಆ ಚುಕ್ಕಿಯನ್ನಷ್ಟೇ ಕೆರೆಯುವುದು. ಮತ್ತೆ ಮಸಿ, ಮತ್ತೆ ತಟ್ಟುವುದು. ಹುಡುಗನ ಕೋವಿಗೆ ಇದು ಇಪ್ಪತ್ತಾರು ಸಲ ಆಯಿತು. ಎರಡು ಸಂಜೆ. ಕೊನೆಗೆ ಎರಡೂ ಮುಖಗಳ ಮೇಲೆ ಒಂದೇ ಸಮ ಬೂದು ಬಣ್ಣ ಕೂತಾಗ, ಮರ ಅಂಗೈಗೆ ‘ಟಕ್’ ಅಂತ ಒಂದೇ ಸದ್ದು ಕೊಟ್ಟು ಕೂತಿತು. ಆ ಸದ್ದು ಕೇಳಿದ ಮೇಲೆ ಕೆರೆಯುವುದನ್ನು ನಿಲ್ಲಿಸಬೇಕು.

ಆಮೇಲೆ ಮೂತಿಯ ಹತ್ತಿರದ ಒತ್ತಡ. ನಂ.4ರಲ್ಲಿ ಮರದ ಮುಂತುದಿ ನಳಿಗೆಯನ್ನು ಕೆಳಗಿನಿಂದ ಮೇಲಕ್ಕೆ 3ರಿಂದ 7 ಪೌಂಡಿನಷ್ಟು ಒತ್ತಬೇಕು. ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯಿಂದ ನಳಿಗೆ ಹಿಡಿದು ಮರದಿಂದ ದೂರಕ್ಕೆ ಎಳೆಯಿರಿ. ಅಡಿಗೆ ಸಿಕ್ಕಿಸಿದ ಕಾಗದದ ಪಟ್ಟಿ ಸಡಿಲವಾದಾಗ ಮುಳ್ಳು ಎಷ್ಟು ತೋರಿಸುತ್ತದೋ ಅಷ್ಟು ಒತ್ತಡ. ಹುಡುಗನದು ಐದಕ್ಕೆ ನಿಂತಿತು. ಮರ ಕೊಯ್ದ ಸ್ಪೋರ್ಟರ್ ಆಗಿಯೇ ಇಟ್ಟುಕೊಳ್ಳುವುದಾದರೆ ಲೆಕ್ಕ ಬೇರೆ: ಕಾಗದದ ಪಟ್ಟಿ ಮರಕ್ಕೂ ನಳಿಗೆಗೂ ನಡುವೆ ಮೂತಿಯ ಕಡೆಯಿಂದ ಚೇಂಬರಿನ ಹತ್ತಿರದವರೆಗೆ ಎಲ್ಲೂ ತಡೆಯದೆ ಸರಿಯಬೇಕು. ಡ್ರಾ ಮಾತ್ರ ಎರಡರಲ್ಲೂ ಗಟ್ಟಿ ಇರಲೇಬೇಕು.

ಮರಕ್ಕೆ ಮರಳು ಕಾಗದ ಮುಟ್ಟಿಸಬೇಡಿ. ಬಹಳ ವರ್ಷದ ಹಿಂದೆ ಒಂದು ಬಟ್ ಉಜ್ಜಿ ಉಜ್ಜಿ ಕನ್ನಡಿ ಮಾಡಿದೆ, ಅದರ ಮೇಲೆ ಇನ್ಸ್‌ಪೆಕ್ಟರ್ ಒತ್ತಿದ್ದ ಸಣ್ಣ ಮುದ್ರೆಗಳಿದ್ದವು ಎಂದು ಗೊತ್ತಾಗಿದ್ದು ಆಮೇಲೆ. ಈಗಲೂ ಆ ಬಟ್ ಕಂಡರೆ ಎದೆ ಚುರುಕ್ ಅನ್ನುತ್ತದೆ. ಜಿಡ್ಡನ್ನು ಬಿಸಿನೀರು, ಸೋಪು, ಒರಟು ಬಟ್ಟೆಯಿಂದ ತೆಗೆಯಿರಿ. ತಗ್ಗು ಬಿದ್ದ ಕಡೆ ಒದ್ದೆ ಬಟ್ಟೆ ಇಟ್ಟು ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಮರ ಉಬ್ಬಿ ಮೇಲೆ ಬರುತ್ತದೆ. ಒಣಗಿದ ಮೇಲೆ ಅಗಸೆ ಎಣ್ಣೆ, ಅಂಗೈಯಿಂದಲೇ, ದಿನಕ್ಕೆ ಒಂದು ಸಲ, ಒಂದು ವಾರ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಬೆಂಕಿ ಹತ್ತುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಹಾಕಿ.

ದುರ್ಬೀನು ಕೂರಿಸಲು ಹಿಂದಿನವರು ಕೊರೆದ ತೂತುಗಳಿದ್ದರೆ ಸ್ಕ್ರೂ ತುಂಬಿ ಮುಚ್ಚಿ. ವೆಲ್ಡಿಂಗ್ ಬೇಡ, ಆ ಮೈಗೆ ಕೊಟ್ಟ ಕಾವಿನ ಹದ ಕೆಟ್ಟರೆ ಆ ಕೋವಿ ಮತ್ತೆ ಈಡಿಗೆ ಬಾರದು. ಹದ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ 1903 ಸ್ಪ್ರಿಂಗ್‌ಫೀಲ್ಡ್ ಸಾಕ್ಷಿ. ಆ ಕೋವಿಯಿಂದಲೂ ಎಷ್ಟೋ ಸ್ಪೋರ್ಟರ್‌ಗಳಾಗಿವೆ. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8 ಲಕ್ಷಕ್ಕಿಂತ ಕೆಳಗಿನ ನಂಬರಿನವು, ರಾಕ್ ಐಲ್ಯಾಂಡ್‌ನ 2,85,507ಕ್ಕಿಂತ ಕೆಳಗಿನವು ಕಾವು ಮೀರಿ ಗಾಜಿನಂತೆ ಒಡೆಯಬಲ್ಲವು. ನಂಬರ್ ನೋಡಿದ ಮೇಲೆ ಅಂಥದ್ದನ್ನು ಗೋಡೆಗೆ ತೂಗುಹಾಕಿ, ಈಡು ಹೊಡೆಯಬೇಡಿ.

ಮೊದಲ ಈಡುಗಳನ್ನು ಹೊಸ ತೋಟೆಯಲ್ಲೇ ಹೊಡೆಯಿರಿ, ಕನ್ನಡಕ ಹಾಕಿ, ಒಂದೊಂದೇ. ಹೊರಬಂದ ಪ್ರತಿ ಖಾಲಿ ತೋಟೆಯ ಬುಡದಿಂದ ಅರ್ಧ ಬೆರಳು ಮೇಲೆ ಹೊಳೆಯುವ ಉಂಗುರ ಇದೆಯೇ ನೋಡಿ. ತೆಳ್ಳನೆ ತಂತಿಯ ತುದಿ ಬಗ್ಗಿಸಿ ಒಳಗೆ ಕೆರೆಯಿರಿ, ಅಲ್ಲಿ ಕೊಕ್ಕೆ ತಡೆದರೆ ಹಿತ್ತಾಳೆ ಹರಿಯಲು ಶುರುವಾಗಿದೆ ಎಂದರ್ಥ, ಅಲ್ಲಿಗೇ ನಿಲ್ಲಿಸಿ. ಹಳೆಯ ಮಿಲಿಟರಿ ತೋಟೆ ಹೊಡೆದರೆ ಅದರ ಕೇಪಿನ ಉಪ್ಪು ನಳಿಗೆಯೊಳಗೆ ಉಳಿದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಎರಡೇ ದಿನಕ್ಕೆ ತುಕ್ಕು. ಎಣ್ಣೆಗೆ ಉಪ್ಪು ಕರಗದು. ಅದೇ ಸಂಜೆ ಒಂದು ಕೆಟಲ್ ಕುದಿಯುವ ನೀರು ಚೇಂಬರಿನಿಂದ ಸುರಿದು, ಒಣಗಿಸಿ, ಆಮೇಲೆ ಎಣ್ಣೆ.

ಹುಡುಗನ ಕೋವಿಗೆ ಮುಂದಿನ ಮರ, ಮುಚ್ಚಿಗೆ, ಕ್ಲಿಪ್ಪುಗಳು ಎಲ್ಲ ಕೂತಿವೆ. ಹೊಸ ಬಟ್ಟೂ ತರಿಸಿದ್ದ. ಗೆರೆ ಕೊರೆದ ಹಳೆಯ ಬಟ್ ಬಿಚ್ಚಲೇ ಎಂದು ಕೇಳಿದೆ. ಆ ಹನ್ನೊಂದು ಗೆರೆಯ ಮೇಲೆ ಹೆಬ್ಬೆರಳು ಆಡಿಸುತ್ತಾ ಸ್ವಲ್ಪ ಹೊತ್ತು ಕೂತು, ‘ಇದು ಇರಲಿ ಅಂಕಲ್’ ಅಂದ. ಕೊಯ್ದ ಮುಂಭಾಗದ ಮರವನ್ನು ಬಟ್ಟೆಯಲ್ಲಿ ಸುತ್ತಿ, ಅದರ ಸ್ಕ್ರೂಗಳನ್ನು ಡಬ್ಬಿಗೆ ಹಾಕಿ, ಮೇಲೆ ಕೋವಿಯ ನಂಬರ್ ಬರೆದು ಅವನ ಕೈಗೆ ಕೊಟ್ಟಿದ್ದೇನೆ. ನಾಳಿದ್ದು ಶನಿವಾರ ಗೇಜ್ ಹಿಡಿದುಕೊಂಡು ಇಬ್ಬರೂ ರೇಂಜ್‌ಗೆ ಹೋಗುತ್ತೇವೆ.